ಮೀಸೆ ಹೊತ್ತ ಮೂಳೆ

ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಗೊತ್ತಾಯಿತು, ಲೋಕದಲ್ಲಿ ಡಾಕ್ಟರುಗಳಿಗಿಂತ ಆಂಟಿಆಕ್ಸಿಡೆಂಟ್ ತಜ್ಞರೇ ಹೆಚ್ಚು. ಸಿಕ್ಕಿದ್ದನ್ನು ಕೆಡಿಸುವ ‘ಫ್ರೀ ರ‍್ಯಾಡಿಕಲ್’ ಎಂಬ ಪುಂಡ ಅಣುಗಳನ್ನು ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್. ನೋಡಲು ಬಂದವರೆಲ್ಲ ಒಂದೊಂದು ಡಬ್ಬಿ ತಂದರು. ಒಂದರ ಮೇಲೆ ‘ಫ್ರೀ ರ‍್ಯಾಡಿಕಲ್‌ಗಳ ವಿರುದ್ಧ ಸಮರ’ ಎಂಬ ಘೋಷಣೆ, ಪಕ್ಕದಲ್ಲಿ ಗುರಾಣಿ ಹಿಡಿದು ನಿಂತ ಮೂಳೆ. ಮೂಳೆಗೆ ಮೀಸೆ ಬೇರೆ! ಡಬ್ಬಿಯ ಹಿಂಬದಿಯಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿ, ‘ಇದು ಔಷಧವಲ್ಲ’. ದಂಡನಾಯಕ ತನ್ನ ಬೆನ್ನ ಮೇಲೆ ‘ನನ್ನನ್ನು ನಂಬಬೇಡಿ’ ಎಂದು ಬರೆಸಿಕೊಂಡು ಯುದ್ಧಕ್ಕೆ ಹೊರಟ ಹಾಗೆ.

ಈ ಸಮರದ ಸುದ್ದಿ ಮೂಳೆಗೆ ಮಾತ್ರ ಮುಟ್ಟಿಲ್ಲ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಕೂಡಲೇ ಬಿಳಿ ರಕ್ತಕಣಗಳು ಓಡಿಬಂದು ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ ಉಗುಳುತ್ತವೆ. ಅದರಿಂದ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್, ಮಿತಿಯಲ್ಲಿದ್ದರೆ, ಜೀವಕೋಶಗಳ ಓಲೆಕಾರ. ಹಳೆ ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶ ಹುಟ್ಟುವುದಕ್ಕೂ, ಆರ್‌ಎಎನ್‌ಕೆಎಲ್ ಎಂಬ ಪ್ರೊಟೀನು ಕದ ತಟ್ಟಿದಾಗ ಕೋಶದೊಳಗೆ ಇಂಥದೇ ಕಿಡಿ ಹೊತ್ತಬೇಕು. ಕಿಡಿ ಅತಿಯಾದರೆ ಮನೆ ಸುಡುತ್ತದೆ, ನಿಜ. ಕರಗಿಸುವವರು ಕೊಬ್ಬಿ, ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ಸೊರಗುತ್ತವೆ. ಅದಕ್ಕೆಂದೇ ಕೋಶದಲ್ಲಿ ಎನ್‌ಆರ್‌ಎಫ್‌2 ಎಂಬ ಪ್ರೊಟೀನು-ಕಾವಲುಗಾರ ಇದ್ದಾನೆ. ತಮಾಷೆಯೆಂದರೆ ಅವನನ್ನು ನಿದ್ದೆಯಿಂದ ಎಬ್ಬಿಸುವುದೂ ಆ ಕಿಡಿಯೇ. ನಮ್ಮ ಡಬ್ಬಿವೀರರು ಒಂದು ಓಲೆಯಲ್ಲಿ ಕೆಟ್ಟ ಸುದ್ದಿ ಬಂತೆಂದು ಅಂಚೆ ಕಚೇರಿಗೇ ಬೀಗ ಜಡಿಯಲು ಹೊರಟಿದ್ದಾರೆ.

ಹಾಗಾದರೆ ಸಿ ಜೀವಸತ್ವ ಎಂಬ ಆಂಟಿಆಕ್ಸಿಡೆಂಟೂ ಬೇಡವೇ? ಬೇಕೇ ಬೇಕು. ಅದಿಲ್ಲದೆ ಮೂಳೆಯ ಹಂದರವಾದ ಕೊಲ್ಲಾಜನ್ ಎಂಬ ಪ್ರೊಟೀನು ಗಟ್ಟಿಯಾಗದು. 1740ರ ದಶಕದ ಬ್ರಿಟಿಷ್ ನೌಕಾಧಿಕಾರಿ ಆ್ಯನ್ಸನ್‌ರ ಸಮುದ್ರಯಾನದಲ್ಲಿ ಸ್ಕರ್ವಿ, ಅಂದರೆ ಸಿ ಜೀವಸತ್ವದ ಕೊರತೆಯ ರೋಗ, ಹತ್ತಿದವನೊಬ್ಬನಿಗೆ ಎಂದೋ ಕೂಡಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತೆಂದು ದಾಖಲೆಯಿದೆ. ಆದರೆ ಗಿಡಕ್ಕೆ ನೀರು ಬೇಕೆಂದು ಯಾರಾದರೂ ಗಿಡವನ್ನೇ ಬಾವಿಗೆ ಎಸೆಯುತ್ತಾರೆಯೇ?

ಈ ಡಬ್ಬಿಗಳಿಗೆ ಅಂಕಪಟ್ಟಿಯೂ ಇತ್ತು ಸ್ವಾಮಿ, ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ‘ಒರಾಕ್’ ಅಂತ. ಅಂಕ ಕೊಟ್ಟದ್ದು ಪ್ರನಾಳದಲ್ಲಿ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆ, ಇದು ಮನುಷ್ಯನ ಮೈಗೆ ಅನ್ವಯಿಸದು, ಕಂಪನಿಗಳು ದುರ್ಬಳಕೆ ಮಾಡುತ್ತಿವೆ ಎಂದು ಹೇಳಿ ತನ್ನ ಪಟ್ಟಿಯನ್ನೇ ಕಿತ್ತುಹಾಕಿತು. ಶಾಲೆ ಮುಚ್ಚಿತು, ರ‍್ಯಾಂಕ್ ವಿದ್ಯಾರ್ಥಿಗಳ ಮೆರವಣಿಗೆ ನಿಲ್ಲಲಿಲ್ಲ.

ಆರನೇ ವಾರದ ಎಕ್ಸ್‌ರೇಯಲ್ಲಿ ಬಿರುಕಿನ ಸುತ್ತ ಮಂಜು ಮುಸುಕಿದಂತೆ ಹೊಸ ಮೂಳೆ ಕಾಣಿಸಿತು. ಸುದ್ದಿ ಕೇಳಿ ಚಿಕ್ಕಪ್ಪ ಓಡಿಬಂದರು.

“ನೋಡಿದ್ಯಾ, ನಾನು ಕೊಟ್ಟ ಡಬ್ಬಿ ಹೆಂಗೆ ಕೆಲಸ ಮಾಡ್ತು!”

“ಹೌದು ಚಿಕ್ಕಪ್ಪ, ತುಂಬಾ ಉಪಕಾರವಾಯ್ತು” ಎಂದೆ. ಆರು ವಾರ ಪ್ಲಾಸ್ಟರ್ ಕೈಯನ್ನು ಅದರ ಮೇಲೇ ಊರಿಕೊಂಡು ಕೂತಿದ್ದೆ. ಸೀಲ್ ಇನ್ನೂ ಒಡೆದಿರಲಿಲ್ಲ.