ವಾರ್ಡಿನ ತೀರ್ಥ

ದೇವಸ್ಥಾನಕ್ಕೆ ಹೋದರೆ ತೀರ್ಥ, ಬೆಂಗಳೂರಿನಲ್ಲಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ ಇಂಜೆಕ್ಷನ್. ಡೆಂಗಿ ಆದರೂ ಅದೇ, ಹರ್ನಿಯಾ ಆದರೂ ಅದೇ. ಯಾಕೆ ಅಂತ ಕೇಳಿದವನು ನಾಸ್ತಿಕ.

ನಮ್ಮ ಸೋದರಮಾವ ಕತ್ರಿಗುಪ್ಪೆ ಹತ್ತಿರ ರಸ್ತೆಗುಂಡಿಗೆ ಸ್ಕೂಟರ್ ಇಳಿಸಿ ಕಾಲು ಮುರಿದುಕೊಂಡರು. ಹೊಟ್ಟೆಗೆ ಏನೂ ಆಗಿರಲಿಲ್ಲ. ಮರುದಿನ ಬೆಳಿಗ್ಗೆ ಕ್ಯಾಂಟೀನಿನ ಇಡ್ಲಿ ವಡೆ ಮುಗಿಸಿ, ಚಟ್ನಿ ನೀರಾಗಿದೆ ಅಂತ ನನ್ನ ಮೇಲೇ ರೇಗಿದರು ಅಂದರೆ ನೋಡಿ. ಅಷ್ಟರಲ್ಲಿ ಸಿಸ್ಟರ್ ಟ್ರೇ ಹಿಡಿದು ಬಂದರು. ಪುಟ್ಟ ಸೀಸೆ, ತಳದಲ್ಲಿ ಬಿಳಿ ಪುಡಿ. ಅದಕ್ಕೆ 10 ಎಂಎಲ್ ಸಲೈನ್ ಹಾಕಿ, ಅಲ್ಲಾಡಿಸಿ, ಸಿರಿಂಜಿಗೆ ಎಳೆದು, ಕೈಯ ರಕ್ತನಾಳಕ್ಕೆ ಚುಚ್ಚಿಟ್ಟಿದ್ದ ಪುಟ್ಟ ಕೊಳವೆಗೆ, ಅಂದರೆ ಕ್ಯಾನುಲಾಗೆ, ನಿಧಾನಕ್ಕೆ ತಳ್ಳತೊಡಗಿದರು.

"ಏನಮ್ಮಾ ಇದು?"

"ಗ್ಯಾಸ್‌ದು ಅಂಕಲ್."

"ನಂಗೆ ಗ್ಯಾಸ್ ಇಲ್ಲಮ್ಮಾ, ಮುರಿದಿರೋದು ಕಾಲು."

"ಎಲ್ಲರಿಗೂ ಕೊಡ್ತೀವಿ ಅಂಕಲ್."

ಇಂಜೆಕ್ಷನ್ ಮುಗಿದ ಮೇಲೆ ಅದೇ ಟ್ರೇಯಿಂದ ನೋವಿನ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ತೆಗೆದು ಮಾವನ ಅಂಗೈಗೆ ಹಾಕಿದರು. ಅವನ್ನು ಅವರು ಕಾಫಿ ಜೊತೆ ಸಲೀಸಾಗಿ ನುಂಗಿದರು! ಅಂದರೆ ಗಂಟಲು ಸರಿಯಾಗಿಯೇ ಇದೆ, ಆದರೆ ಒಂದು ಮದ್ದಿಗೆ ಮಾತ್ರ ಆ ದಾರಿ ಬಂದ್.

ಸುಮ್ನೆ ಬೈಯುತ್ತಿಲ್ಲ. ಹೆಸರಿಗೆ ಗ್ಯಾಸ್ ಇಂಜೆಕ್ಷನ್ ಆದರೂ ಇದು ಗ್ಯಾಸನ್ನು ಮುಟ್ಟುವುದಿಲ್ಲ, ಹೊಟ್ಟೆಯ ಗೋಡೆಯಲ್ಲಿ ಆಸಿಡ್ ಸುರಿಸುವ ಪಂಪನ್ನು ನಿಲ್ಲಿಸುತ್ತದೆ. ಅಲ್ಸರ್ ಒಡೆದು ರಕ್ತ ಹೋಗುತ್ತಿರುವವರಿಗೆ ಒಂದೇ ಸಲ 80 ಮಿಲಿಗ್ರಾಂ ಕೊಟ್ಟು, ಆಮೇಲೆ ಗಂಟೆಗೆ 8ರಂತೆ 72 ಗಂಟೆ ಹರಿಸುವುದುಂಟು. ವೆಂಟಿಲೇಟರ್ ಮೇಲೆ ಎರಡು ದಿನಕ್ಕಿಂತ ಜಾಸ್ತಿ ಇರುವವರಿಗೂ ಹೊಟ್ಟೆಯೊಳಗೆ ರಕ್ತ ಒಸರದಂತೆ ಇಂಥ ಮದ್ದು ಬೇಕು. ಮಾವನಿಗೆ ವಯಸ್ಸಾಗಿದೆ, ನೋವಿನ ಮಾತ್ರೆ ಹೊಟ್ಟೆ ಕೆಡಿಸಬಹುದು ಅಂದರೂ ಒಪ್ಪೋಣ. ಆದರೆ ಅದೇ ಮದ್ದು, ಅದೇ 40 ಮಿಲಿಗ್ರಾಂ, ಮಾತ್ರೆಯಲ್ಲೂ ಬರುತ್ತದೆ, ಊಟ ಮಾಡುವವರಿಗೆ ಅದೇ ಸಾಕು ಅಲ್ವಾ?

ಸಾಕು, ಆದರೆ ಬಿಲ್ಲಿಗೆ ಸಾಲದು. ಮಾತ್ರೆ ಅಂದರೆ ಬಿಲ್ಲಿನಲ್ಲಿ ಒಂದೇ ಸಾಲು. ಇಂಜೆಕ್ಷನ್ ಅಂದರೆ ಸೀಸೆ, ಸಲೈನ್, ಸಿರಿಂಜು, ಸೂಜಿ, ಗ್ಲೌಸು, ಸ್ಪಿರಿಟ್ ಹತ್ತಿ, ಕ್ಯಾನುಲಾ, ಕೈ ಊದಿಕೊಂಡರೆ ಇನ್ನೊಂದು ಕ್ಯಾನುಲಾ, ಇಡೀ ಬಂಧುಬಳಗವೇ ಬರುತ್ತದೆ. ಮೇಲಾಗಿ ಬರೀ ಮಾತ್ರೆ ನುಂಗಲು ಬೆಡ್ ಯಾಕೆ ಬೇಕಿತ್ತು ಅಂತ ಇನ್ಶೂರೆನ್ಸಿನವರು ಕೇಳಿಬಿಟ್ಟರೆ? ಕೈಗೊಂದು ಕ್ಯಾನುಲಾ ಇದ್ದರೆ ಮನುಷ್ಯ ಪೇಷಂಟ್ ಥರ ಕಾಣುತ್ತಾನೆ. ಡ್ಯೂಟಿ ಡಾಕ್ಟರನ್ನು ಕೇಳಿದೆ. "ರೂಟೀನ್ ಸರ್" ಅಂದರು, ಫೋನಿನಿಂದ ತಲೆ ಎತ್ತದೆ.

ಮೂರನೇ ದಿನ ಡಿಸ್ಚಾರ್ಜ್. ಚೀಟಿಯಲ್ಲಿ ಅದೇ ಮದ್ದು, ಈಗ ಮಾತ್ರೆ ರೂಪದಲ್ಲಿ. ಲಿಫ್ಟ್ ಇಳಿದು ಬರುವಷ್ಟರಲ್ಲಿ ಗಂಟಲಿನ ದಾರಿ ತೆರೆದಿತ್ತು. ತಿಂಡಿಗೆ ಅರ್ಧ ಗಂಟೆ ಮುಂಚೆ ಅಂತ ಬರೆದಿದ್ದರು, ಎಷ್ಟು ದಿನ ಅನ್ನುವ ಜಾಗ ಖಾಲಿ.

ಈಗ ಪ್ಲಾಸ್ಟರ್ ಬಿಚ್ಚಿ ನಾಲ್ಕು ತಿಂಗಳಾಯಿತು. ಮಾವ ಇನ್ನೂ ನುಂಗುತ್ತಿದ್ದಾರೆ. ಮನೆಗೆ ಬಂದವರು ತೇಗಿದರೆ ಸಾಕು, ಸ್ಟ್ರಿಪ್ಪಿನಿಂದ ಒಂದು ಕತ್ತರಿಸಿ ಕೊಡುತ್ತಾರೆ. ಕತ್ತರಿಯನ್ನೂ ಸ್ಟ್ರಿಪ್ಪಿಗೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದಾರೆ.