ಐವತ್ತು ಕೆಬಿಯ ಪ್ರಜೆ

ಬ್ಯಾಂಕ್ ನೌಕರಿಗೆ ಅರ್ಜಿ ಹಾಕುವವರ ವಯಸ್ಸಿಗೆ ಮಿತಿ ಮೊದಲಿನಿಂದಲೂ ಇದೆ. ಈಗ ಮುಖದ ತೂಕಕ್ಕೂ ಮಿತಿ ಬಂದಿದೆ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಆನ್‌ಲೈನ್ ಅರ್ಜಿಯಲ್ಲಿ ಭಾವಚಿತ್ರ 200 ಪಿಕ್ಸೆಲ್ ಅಗಲ, 230 ಪಿಕ್ಸೆಲ್ ಎತ್ತರವಿದ್ದು, ಅದರ ಫೈಲು 20ರಿಂದ 50 ಕೆಬಿ (ಕಿಲೋಬೈಟ್) ತೂಗಬೇಕು. ಸಹಿ 10ರಿಂದ 20 ಕೆಬಿ. ಎಡಗೈ ಹೆಬ್ಬೆರಳಿಗೂ 20ರಿಂದ 50, ಮುಖದಷ್ಟೇ ಮರ್ಯಾದೆ. ಪದವೀಧರನಿಂದ ಸಹಿಯ ಜೊತೆಗೆ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುವ ಈ ಸಮಾನತೆ ಸಂವಿಧಾನ ಬರೆದವರಿಗೂ ಹೊಳೆದಿರಲಿಲ್ಲ.

50ರ ಮೇಲ್ಮಿತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಟೆಲಿಫೋನ್ ತಂತಿಯಲ್ಲಿ ಕಿರುಚಿಕೊಂಡು ಇಂಟರ್ನೆಟ್ ಬರುತ್ತಿದ್ದ ದಿನಗಳಲ್ಲಿ, ಸೆಕೆಂಡಿಗೆ 56 ಕಿಲೋಬಿಟ್, ಅಂದರೆ ಏಳೇ ಕೆಬಿ ಎಳೆಯುತ್ತಿದ್ದ ಮೋಡೆಮ್‌ಗೆ ಅಷ್ಟು ತೂಕದ ಚಿತ್ರ ಸಾಗಿಸಲು ಏಳೆಂಟು ಸೆಕೆಂಡು ಬೇಕಿತ್ತು. ಆ ಮೋಡೆಮ್‌ಗಳು ಗುಜರಿ ಸೇರಿದವು. ನಿಯಮ ಮಾತ್ರ ಕಾಯಂ ನೌಕರಿಯಲ್ಲಿದೆ. ಇಂದಿನ ಸಾಧಾರಣ ಮೊಬೈಲ್ ಕೂಡ ಮೂರು ನಾಲ್ಕು ಎಂಬಿಯ ಚಿತ್ರ ತೆಗೆಯುತ್ತದೆ. ಅರ್ಜಿದಾರ ತನ್ನನ್ನು ತಾನೇ ಅರವತ್ತು ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿಕೊಂಡು ಹಾಜರಾಗಬೇಕು.

ನನಗೆ ನಿಜವಾದ ಭಕ್ತಿ ಇರುವುದು ಕೆಳಮಿತಿಯ ಮೇಲೆ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯ ಸಹಿ ಎಂದರೆ ಬಹುಪಾಲು ಬರೀ ಬಿಳುಪು. ಚಿತ್ರವನ್ನು ಕುಗ್ಗಿಸಿಡುವ ಜೆಪೆಗ್ ವಿಧಾನ ಆ ಬಿಳುಪಿಗೆ ಹೆಚ್ಚು ಜಾಗ ಖರ್ಚು ಮಾಡುವುದಿಲ್ಲ. ಹಾಗಾಗಿ ಎರಡಕ್ಷರದಲ್ಲಿ ಸಹಿ ಮುಗಿಸುವ ಮಿತಭಾಷಿಗಳು ನಾಲ್ಕೈದು ಕೆಬಿಗೇ ಕುಸಿದು ಅನರ್ಹರಾಗುತ್ತಾರೆ. ಅಂಥವರನ್ನು ಸೈಬರ್ ಕೇಂದ್ರದ ಹುಡುಗ ಉಬ್ಬಿಸಿ ಕೊಡುತ್ತಾನೆ. ಫೈಲಿನ ಬಾಲಕ್ಕೆ ಒಂದಷ್ಟು ಸೊನ್ನೆ ತುಂಬಿದರೆ ಮುಗಿಯಿತು. ಸಹಿ ಎಳ್ಳಷ್ಟೂ ಸ್ಪಷ್ಟವಾಗುವುದಿಲ್ಲ, ತೂಕ ಮಾತ್ರ ನಿಯಮಬದ್ಧ. ಏನೂ ಇಲ್ಲದ್ದನ್ನು ತುಂಬಿ ಲೆಕ್ಕ ಸರಿಪಡಿಸುವ ಈ ವಿದ್ಯೆ ನೌಕರಿ ಸಿಕ್ಕಿದ ಮೇಲೂ ಉಪಯೋಗಕ್ಕೆ ಬರುತ್ತದೆ ಎಂದು ಕೇಳಿದ್ದೇನೆ.

ಅಂದ ಹಾಗೆ, ಜೆಪೆಗ್‌ನ ಬುಡದಲ್ಲಿರುವ ಗಣಿತ ನಮ್ಮೂರಿನವರದ್ದೇ. ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, 1972ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಈ ಗಣಿತದ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನಲ್ಲಿ ಹಣ ಕೇಳಿದರು. ವಿಷಯ ತೀರಾ ಸರಳವಾಯಿತು ಎಂದು ಪರಿಶೀಲಕರೊಬ್ಬರು ಮೂಗು ಮುರಿದರು, ಹಣ ಬರಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಅವರೊಡನೆ 1974ರಲ್ಲಿ ಅದನ್ನು ಪ್ರಕಟಿಸಿಯೇ ಬಿಟ್ಟರು. ಈ ಗಣಿತಕ್ಕೂ ಅರ್ಜಿಗಳಿಗೂ ಜಾತಕ ಕೂಡಿಬರುವುದಿಲ್ಲ ಎಂದು ಆಗಲೇ ಗೊತ್ತಾಗಬೇಕಿತ್ತು.

ಇಷ್ಟೆಲ್ಲ ಪಥ್ಯ ಪ್ರಜೆಗೆ ಮಾತ್ರ. ಇಲಾಖೆಗಳ ಜಾಲತಾಣಗಳಲ್ಲಿ ಮಾನ್ಯ ಸಚಿವರಿಗೆ ಮೇಲ್ಮಿತಿಯಿಲ್ಲ. ಕ್ಯಾಮೆರಾದಿಂದ ಇಳಿಸಿದ ಚಿತ್ರವನ್ನು ಹಾಗೆಯೇ ಏರಿಸಿ, ಪುಟದಲ್ಲಿ ಅಂಚೆಚೀಟಿಯಷ್ಟು ಕಾಣಿಸುವಂತೆ ಮಾಡಿರುತ್ತಾರೆ. ಕಾಣುವುದು ಚೀಟಿಯಷ್ಟಾದರೂ ನಮ್ಮ ಮೊಬೈಲಿಗೆ ಇಳಿಯುವುದು ಸಚಿವರ ಪೂರ್ಣ ತೂಕ. ಪಿಂಚಣಿ ಅರ್ಜಿಯ ಕೊಂಡಿ ಕಣ್ಣಿಗೆ ಬೀಳುವ ಮೊದಲು ಅವರು ದೀಪ ಬೆಳಗಿ, ಸಸಿ ನೆಟ್ಟು, ರಿಬ್ಬನ್ ಕತ್ತರಿಸಿ ಮುಗಿಸಬೇಕು. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಭಾವಚಿತ್ರ ಬೇಡ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ರಾಜ್ಯಗಳು ಪರದಾಡಿ, ಮರುವರ್ಷವೇ ರಾಜ್ಯಪಾಲ, ಮುಖ್ಯಮಂತ್ರಿ, ಸಚಿವರ ಮುಖಗಳನ್ನು ಬಿಡಿಸಿಕೊಂಡು ಬಂದವು. ಎಷ್ಟು ಕೆಬಿ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಸುತ್ತೋಲೆಗಳ ಕಥೆ ಇನ್ನೂ ಸೊಗಸು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿದ ಆದೇಶವನ್ನು ಮುದ್ರಿಸಿ, ಸಹಿ ಹಾಕಿ, ಮೊಹರೊತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುತ್ತಾರೆ. ಕಂಪ್ಯೂಟರಿನಲ್ಲಿ ಹುಟ್ಟಿದ ಅಕ್ಷರ ಕಂಪ್ಯೂಟರಿಗೇ ಅರ್ಥವಾಗದಂತೆ ಮರಳುತ್ತದೆ. ಅದರಲ್ಲಿ ಒಂದು ಪದ ಹುಡುಕಲಾಗದು. ದೃಷ್ಟಿಯಿಲ್ಲದವರ ಮೊಬೈಲ್ ಅದನ್ನು ಓದಿ ಹೇಳಲಾರದು. ಅಂಗವಿಕಲರ ಸೌಲಭ್ಯಗಳ ಸುತ್ತೋಲೆಗೂ ಇದೇ ಗತಿ.

ಕೊನೆಗೆ ಅರ್ಜಿದಾರನ ಮುಖವೂ ಹೆಬ್ಬೆರಳೂ ತೂಕದಲ್ಲಿ ಉತ್ತೀರ್ಣವಾಗಿ ಪರೀಕ್ಷೆಯ ಪ್ರವೇಶಪತ್ರ ಬರುತ್ತದೆ. ಅದರಲ್ಲೊಂದು ಖಾಲಿ ಚೌಕ, ಪಕ್ಕದಲ್ಲಿ ಸೂಚನೆ: ಇತ್ತೀಚಿನ ಭಾವಚಿತ್ರವನ್ನು ಇಲ್ಲಿ ಅಂಟಿಸತಕ್ಕದ್ದು.