ಬ್ಯಾಡ್ಜ್ ಇದ್ದವರು, ಬ್ಯಾಡ್ಜ್ ಇಲ್ಲದವರು

ನಾನು ಅಂಕೋಲೆ ಕಡೆಯವನು, ಈಗಿರುವುದು ಪಶ್ಚಿಮ ದೆಹಲಿಯಲ್ಲಿ. ಊರಿನ ಹತ್ತಿರ ಕೈಗಾ ಅಣುಸ್ಥಾವರ, ಇಲ್ಲಿ ಮನೆ ಹತ್ತಿರ ಮಾಯಾಪುರಿಯ ಗುಜರಿ ಮಾರುಕಟ್ಟೆ. ಅರ್ಧ ವರ್ಷದೊಳಗೆ ಎರಡೂ ಕಡೆ ದುಡಿಯುವವರ ಮೈಗೆ ವಿಕಿರಣ ಸೇರಿತ್ತು.

2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇದ್ದ, ರಿಯಾಕ್ಟರ್‌ನಲ್ಲಿ ಬಳಸುವ ಭಾರಜಲ ಬೆರೆಸಿದ್ದರು. ಗೊತ್ತಾಗಿದ್ದು ಮೂತ್ರ ಪರೀಕ್ಷೆಯಿಂದ. ಅಲ್ಲಿ ಆ ಪರೀಕ್ಷೆ ಮಾಮೂಲಿ. ಹತ್ತಾರು ಮಂದಿಯ ವರದಿ ಟ್ರಿಟಿಯಂ ಜಾಸ್ತಿ ತೋರಿಸಿತು. ಟ್ರಿಟಿಯಂ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಮೈಯಿಂದ ಹೊರಹೋಗುತ್ತದೆ, ಚೆನ್ನಾಗಿ ನೀರು ಕುಡಿದರೆ ಇನ್ನೂ ಬೇಗ.

ಮಾಯಾಪುರಿಯದು ಬೇರೆಯೇ ಕಥೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೇ ಗಾಮಾ ವಿಕಿರಣ ಯಂತ್ರವೊಂದು ಹರಾಜಿನಲ್ಲಿ ಗುಜರಿಗೆ ಬಂತು. ಒಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇದೆಯೆಂದು ತಿಳಿಯದೆ ಸೀಸದ ಕವಚ ಒಡೆದರು. ಒಬ್ಬರಂತೂ ಕೋಬಾಲ್ಟ್ ತುಂಡನ್ನು ಪರ್ಸ್‌ನಲ್ಲಿಟ್ಟುಕೊಂಡು ಓಡಾಡಿದ್ದರು. ಚರ್ಮ ಸುಟ್ಟಿತು, ಕೂದಲು ಉದುರಿತು, ಒಬ್ಬರು ತೀರಿಕೊಂಡರು. ಎಷ್ಟು ಡೋಸ್ ತಗುಲಿತು ಅಂತ ಹೇಳಲು ಯಾರ ಎದೆಯ ಮೇಲೂ ಸ್ಥಾವರದವರು ಹಾಕಿಕೊಳ್ಳುವಂಥ ವಿಕಿರಣ ಅಳೆಯುವ ಬ್ಯಾಡ್ಜ್ ಇರಲಿಲ್ಲ. ಆಮೇಲೆ ರಕ್ತ ತೆಗೆದು, ಕ್ರೋಮೋಸೋಮ್‌ಗಳಿಗೆ ಆದ ಹಾನಿ ನೋಡಿ ಅಂದಾಜು ಹಾಕಬೇಕಾಯಿತು.

ಗಾಯ ಮಾಯ್ದ ಮೇಲೂ ಇದರ ಲೆಕ್ಕ ಮುಗಿಯುವುದಿಲ್ಲ. ರಕ್ತದ ಕ್ಯಾನ್ಸರ್ ಎರಡು-ಮೂರು ವರ್ಷದ ನಂತರ ಬರಬಹುದು. ಗಡ್ಡೆಯ ಕ್ಯಾನ್ಸರ್‌ಗಳಿಗೆ ಹತ್ತು ವರ್ಷ, ಇಪ್ಪತ್ತು ವರ್ಷ. ಕಣ್ಣಿಗೆ ಪೊರೆ ಬೇಗ ಬರಬಹುದು. ಆದರೆ ಯಾವ ಕ್ಯಾನ್ಸರೂ 'ವಿಕಿರಣದ್ದು' ಅಂತ ಸೀಲ್ ಹಾಕಿಸಿಕೊಂಡು ಬರುವುದಿಲ್ಲ ಅಲ್ವಾ? ಬೀಡಿ ಸೇದುವವನಾದರೆ ಎಲ್ಲರೂ ಬೀಡಿಯನ್ನೇ ಬಯ್ಯುತ್ತಾರೆ. ಸ್ಥಾವರದಲ್ಲಿ ದುಡಿದವನಿಗೆ ತೋರಿಸಲು, ತಗುಲಿದ ವಿಕಿರಣ ಬರೆದಿಟ್ಟ ಡೋಸ್ ಪುಸ್ತಕವಾದರೂ ಇರುತ್ತದೆ. ಐದು ವರ್ಷಕ್ಕೆ 100 ಮಿಲಿಸೀವರ್ಟ್ (ವಿಕಿರಣ ಡೋಸ್‌ನ ಅಳತೆ), ಯಾವ ಒಂದು ವರ್ಷವೂ 30 ಮೀರಬಾರದು ಅನ್ನುವ ಮಿತಿಯೂ ಇದೆ. ಗುಜರಿಯವನಿಗೆ ಅಳೆಯುವವರೂ ಇಲ್ಲ, ಪುಸ್ತಕವೂ ಇಲ್ಲ.

ಕರ್ನಾಟಕ ಒಳ್ಳೇದು, ದೆಹಲಿ ಕೆಟ್ಟದ್ದು ಅಂತ ಸುಮ್ನೆ ಜಂಬ ಕೊಚ್ಚುತ್ತಿಲ್ಲ. ಹೋದ ಸಲ ಊರಿಗೆ ಹೋಗುವಾಗ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಯಾವುದೋ ಹಳೇ ಯಂತ್ರವನ್ನು ಹುಡುಗನೊಬ್ಬ ಬರಿಗೈಯಲ್ಲಿ ಬಿಚ್ಚುತ್ತಿದ್ದ. 'ಏನಪ್ಪಾ ಅದು?' ಅಂದೆ. 'ಗೊತ್ತಿಲ್ರೀ, ತೂಕ ಮಾತ್ರ ಭಾಳ ಐತಿ' ಅಂದ.